ಎಣ್ಣಿ ಅಂದರೆ

ಎರ್ರೆಪ್ಪ ಅಂದು ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಡೊಂಕಾಯಿತು. ಕಬಡ್ಡಿ ಅಂಕಣದ ನಡುಗೆರೆ ಅದು. ಕೊಟ್ಟೂರಿನ ಹೊರಗಿನ ಈ ವಸತಿ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕನಾಗಿ ಬಂದಾಗಿನಿಂದ ಹಗ್ಗ ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಎಳೆದುಕೊಂಡು ಬಂದದ್ದು. ನಿರ್ದೇಶಕ ಎಂಬುದು ಕಾಗದದ ಮೇಲಿನ ಮಾತು. ಹುಡುಗರ ಬಾಯಲ್ಲಿ ಅವನು ಪಿ.ಡಿ. ಸರ, ಬೆನ್ನ ಹಿಂದೆ, ಕೊರಳಲ್ಲಿ ಸದಾ ನೇತಾಡುವ ಸೀಟಿಯಿಂದಾಗಿ, ಪೀಪಿ. ಕಾಲಿನಿಂದ ಅಳಿಸಿ ಇನ್ನೊಮ್ಮೆ ಎಳೆದ. ಅದೂ ಡೊಂಕಾಯಿತು. ಇರಲಿ ಬಿಡು, ಇವತ್ತು ಆಡುವವರಾದರೂ ಯಾರು ಎಂದುಕೊಂಡು ಸುಣ್ಣದ ಬುಟ್ಟಿಯನ್ನು ಅಲ್ಲೇ ಇಟ್ಟು ಕುಕ್ಕರುಗಾಲಲ್ಲಿ ಕೂತ. ಮಧ್ಯಾಹ್ನ ಊಟ ಮುಗಿದ ಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ವಿಚಾರಣೆಯಿತ್ತು. ಅಲ್ಲಿ ಅವನನ್ನು ಕೇಳಲಿದ್ದ ಪ್ರಶ್ನೆ ಒಂದೇ. ಎಣ್ಣಿ ಅಂದರೆ ನೀವು ಏನಂತ ತಿಳಿದಿದ್ದಿರಿ?

ಬಾಲವಾಡಿಯ ಕೂಸಿಗೆ ಕೇಳಿದರೂ ನಗುವಂಥ ಪ್ರಶ್ನೆ. ಆದರೆ ನಾಲ್ಕು ದಿನದಿಂದ ಎರ್ರೆಪ್ಪನಿಗೆ ಅನ್ನ ಸೇರದಂತೆ ಮಾಡಿದ್ದು ಇದೇ. ಹಡಗಲಿಯಲ್ಲಿ ಅಂತರ ಕಾಲೇಜು ಕಬಡ್ಡಿ ಗೆದ್ದು ತಂಡದವರೆಲ್ಲ ಟ್ರ್ಯಾಕ್ಸ್ ಜೀಪಿನಲ್ಲಿ ಬರುತ್ತಿದ್ದರು. ಹಗರಿಬೊಮ್ಮನಹಳ್ಳಿ ದಾಟಿತ್ತು. ಅವನು ಡ್ರೈವರನ ಪಕ್ಕದಲ್ಲಿ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಿಂದಿನಿಂದ ಕ್ಯಾಪ್ಟನ್ ಗವಿಸಿದ್ದೇಶ ಮುಂದಕ್ಕೆ ಬಾಗಿ ಕೇಳಿದ್ದ: "ಸರ, ಹುಡುಗ್ರ ಮೈಕೈ ನೋಯಾಕತ್ತಾವ. ಸಂಜಿಗಿ ಎಣ್ಣಿ ತರಸ್ಲೇನ್ರಿ?" ಗವಿಸಿದ್ದೇಶನ ಮನೆಯವರದು ಕೊಟ್ಟೂರಿನಲ್ಲಿ ಎಣ್ಣೆ ಮಿಲ್ಲು. ಹೋದ ವರ್ಷ ಪಂದ್ಯ ಮುಗಿದ ಮೇಲೆ ಮೈಗೆ ತಿಕ್ಕಲು ಒಂದು ಡಬ್ಬಿ ಕುಸುಬೆ ಎಣ್ಣೆ ತಂದುಕೊಟ್ಟವನು ಅವನೇ. ಇಲ್ಲಿಯವರೆಗೆ ಎಲ್ಲ ಸರಿ. ಇಲ್ಲಿಗೇ ನಿಂತಿದ್ದರೆ ದೇವರ ಮುಂದೆ ಬೇಕಾದರೂ ಹೇಳಬಹುದಿತ್ತು. ಆದರೆ ಎರ್ರೆಪ್ಪ ತಿರುಗಿ ನೋಡದೆ, "ಹೂಂ, ತರಸ್ಕೊಳ್ರಪಾ," ಎಂದಿದ್ದ. ಎಂದವನು ಸುಮ್ಮನಿರದೆ, "ಆದ್ರ ಜಾಸ್ತಿ ಬ್ಯಾಡ," ಎಂದೂ ಸೇರಿಸಿದ್ದ.

ಜಾಸ್ತಿ ಬ್ಯಾಡ. ಈ ಎರಡು ಮಾತು ಬಾಯಿಂದ ಯಾಕೆ ಬಂದವು? ಮೈಗೆ ಹಚ್ಚುವ ಎಣ್ಣೆಗೆ ಯಾರಾದರೂ ಜಾಸ್ತಿ ಬೇಡ ಅನ್ನುತ್ತಾರೆಯೇ? ಅನ್ನಬಹುದು. ಎಣ್ಣೆ ಹೆಚ್ಚಾದರೆ ಹಾಸಿಗೆ ಹಾಳು, ಧೂಳು ಮೆತ್ತುತ್ತದೆ, ಕಬಡ್ಡಿಯಲ್ಲಿ ಮೈ ಜಾರಿದರೆ ತಪ್ಪು ಹಿಡಿಯುತ್ತಾರೆ. ಆದರೆ ಪಂದ್ಯ ಮುಗಿದಿತ್ತಲ್ಲ. ಆಮೇಲೆ ಟ್ರ್ಯಾಕ್ಸಿನ ತುಂಬ ಎದ್ದ ಕೇಕೆ. ಒಬ್ಬ ಸಿಳ್ಳೆ ಹೊಡೆದ, ಇನ್ನೊಬ್ಬ "ಪಿ.ಡಿ. ಸರಗೆ" ಎಂದ, ಉಳಿದವರು "ಜೈ" ಎಂದರು. ಕುಸುಬೆ ಎಣ್ಣೆಗೆ ಜೈ ಅನ್ನುವ ಹುಡುಗರನ್ನು ಈ ಐದು ತಾಲೂಕಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಡ್ರೈವರ್ ಕೂಡ ಮೀಸೆಯಡಿ ನಕ್ಕಿದ್ದ. ಎರ್ರೆಪ್ಪನಿಗೆ ಆಗ ಏನಾಗಿತ್ತು ಎಂದರೆ, ಮುಚ್ಚಿಡುವುದು ಏತಕ್ಕೆ, ಸಂತೋಷವಾಗಿತ್ತು. ಹುಡುಗರು ತನ್ನನ್ನು ಕೇಳಿದರು, ವಾರ್ಡನ್ನನ್ನಲ್ಲ, ಪ್ರಿನ್ಸಿಪಾಲರನ್ನಲ್ಲ. ತಾನು ಅವರವನಾದೆ ಎಂಬ ಸಂತೋಷ. ಪೀಪಿ ಅಲ್ಲ, ಸರ. ಒಂದು ಹೂಂಗೆ ಅಷ್ಟು ಸಿಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಏಕೆಂದರೆ ಅವನು ಈವರೆಗೆ ಅಂದ ಹೂಂಗಳಿಗೆಲ್ಲ ಸಿಕ್ಕದ್ದು ಇನ್ನೊಂದು ಕೆಲಸ ಮಾತ್ರ.

ಎದ್ದು ನಿಂತು ಸುತ್ತ ನೋಡಿದ. ಮೈದಾನ ಅನ್ನುವುದಕ್ಕೆ ಇದ್ದದ್ದು ಅಷ್ಟೇ. ವಾಲಿಬಾಲ್ ಕಂಬಗಳಿಗೆ ಮೆಸ್ಸಿನವರು ತಂತಿ ಕಟ್ಟಿ ಬಟ್ಟೆ ಒಣಗಿಸಿದ್ದರು. ಜಿಮ್ಮಿನ ಅಡಿಗಲ್ಲು ಇಟ್ಟ ಜಾಗದಲ್ಲಿ ಅಡಿಗಲ್ಲು ಒಂದೇ ಇತ್ತು, ಸಂಜೆ ಹೊತ್ತು ಅದರ ಮೇಲೆ ಕೂತು ಹುಡುಗರು ಬೀಡಿ ಸೇದುತ್ತಿದ್ದರು. ಆಚೆ ಕಂಪೌಂಡಿನ ಒಡಕು, ಒಬ್ಬ ಮನುಷ್ಯ ಅಡ್ಡಡ್ಡ ತೂರಬಹುದಾದಷ್ಟು. ಒಡಕಿನ ಆಚೆಗೆ ಸಾರಾಯಿ ಅಂಗಡಿ. ಮೈದಾನದಲ್ಲಿ ಬೆಳಿಗ್ಗೆ ಓಡುವವರ ಕಾಲಿಗೆ ಖಾಲಿ ಪ್ಯಾಕೆಟ್ಟುಗಳು ತೊಡರುತ್ತಿದ್ದವು. ಅಂಗಡಿ ಎತ್ತಿಸಬೇಕೆಂದು ಕಾಲೇಜಿನವರು ಪ್ರತಿ ವರ್ಷ ಮಾತಾಡುತ್ತಿದ್ದರು. ಅಂಗಡಿಯ ಜಾಗ ಯಾರದು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಒಡಕಿಗೂ ಹಾಸ್ಟೆಲಿಗೂ ನಡುವೆ, ನೇರ ದಾರಿಯಲ್ಲಿ, ಉದ್ದ ಜಿಗಿತದ ಗುಂಡಿ. ಗುಂಡಿ ಎಂದರೆ ಈಗ ನಿಜವಾಗಿಯೂ ಗುಂಡಿ. ಅದರ ಉಸುಕನ್ನು ಹೆಣ್ಣುಮಕ್ಕಳ ಹಾಸ್ಟೆಲಿನ ಗೋಡೆಗಳ ಗಿಲಾವಿಗೆಂದು ಬೇಸಿಗೆಯಲ್ಲಿ ತುಂಬಿಕೊಂಡು ಹೋಗಿದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿ ಕೊಟ್ರಸ್ವಾಮಿಯವರು ಟ್ರ್ಯಾಕ್ಟರಿನ ಜೊತೆ ತಾವೇ ಬಂದು, "ಎರ್ರೆಪ್ಪ, ಉಸುಕು ಒಯ್ತೀವಿ, ಮಳಿಗಾಲಕ್ಕ ತುಂಬಿಸಿ ಕೊಡ್ತೀವಿ," ಎಂದಾಗ ಅವನು ಹೂಂ ಅಂದಿದ್ದ. ತಳದ ಗರಸು, ಕಲ್ಲು ಹಲ್ಲು ಕಿರಿದುಕೊಂಡು ಉಳಿದಿದ್ದವು. ಪಂದ್ಯ ಗೆದ್ದು ಬಂದ ಸಂಜೆ ಕತ್ತಲಾಗುವ ಹೊತ್ತಿಗೆ ಒಡಕಿನಿಂದ ತೂರಿ ಬಂದ ಮೈಲಾರಿ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡ.

ಮೈಲಾರಿ ತಂಡದ ದಾಳಿಗಾರ. ನೀಲಗುಂದದ ಕುರಿಗಾರರ ಮನೆಯ ಹುಡುಗ, ಆಟದ ಕೋಟಾದಲ್ಲಿ ಹಾಸ್ಟೆಲಿನ ಪುಕ್ಕಟೆ ಸೀಟು ಸಿಕ್ಕವನು. ಹಡಗಲಿಯಲ್ಲಿ ಕೊನೆಯ ದಾಳಿಗೆ ಇಬ್ಬರನ್ನು ಮುಟ್ಟಿ, ಎದುರಾಳಿಗಳ ಕೈಯಿಂದ ಹಾವಿನ ಹಾಗೆ ಜಾರಿ ಬಂದು ನಡುಗೆರೆಗೆ ಬೆರಳು ತಾಗಿಸಿದ್ದ. ಗುಂಡಿಯಿಂದ ಎತ್ತಿದವನು ಎರ್ರೆಪ್ಪನೇ. ಹರಪನಹಳ್ಳಿಯ ದವಾಖಾನೆಗೆ ಜೀಪಿನಲ್ಲಿ ಒಯ್ದಾಗ ಹುಡುಗನ ತಲೆ ಅವನ ತೊಡೆಯ ಮೇಲಿತ್ತು, ಬಾಯಿ ನಾರುತ್ತಿತ್ತು. ಕುಡಿದೀಯೇನು ಎಂದು ಡಾಕ್ಟರು ಕೇಳಿದ್ದಕ್ಕೆ ಸುಳ್ಳು ಹೇಳಬೇಕು ಎಂಬ ತಿಳಿವಳಿಕೆಯೂ ಇಲ್ಲದೆ ಹುಡುಗ, "ಹೂಂ ರಿ, ಎಲ್ರೂ ಕುಡದ್ವಿ," ಎಂದುಬಿಟ್ಟ. ಎಲ್ಲರೂ ಕುಡಿದದ್ದು ಹೌದು. ಆದರೆ ಬಿದ್ದವನು ಒಬ್ಬನೇ. ಬಿದ್ದವನಿಗೇ ಇನ್ನೊಂದು ಗುದ್ದು ಅನ್ನುವುದು ಲೋಕದ ರೂಢಿ. ಮರುದಿನ ಉಳಿದವರೆಲ್ಲ ಹಲ್ಲುಜ್ಜಿ, ತಲೆ ಬಾಚಿ, ತಾವು ಮೈಗೆ ಎಣ್ಣೆ ತಿಕ್ಕಿಕೊಂಡು ಮಲಗಿದ್ದೆವು ಎಂದರು.

ನಿನ್ನೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಪ್ರಿನ್ಸಿಪಾಲ್ ಅಜ್ಜಯ್ಯನವರು ಅವನ ಹೆಗಲ ಮೇಲೆ ಕೈ ಹಾಕಿದ್ದರು. ಅವರು ಹೆಗಲ ಮೇಲೆ ಕೈ ಹಾಕಿದ್ದು ಅದೇ ಮೊದಲು. "ಎರ್ರೆಪ್ಪನವರ, ನೀವೇನೂ ಮನಸಿಗೆ ಹಚ್ಚಿಗೋಬ್ಯಾಡ್ರಿ. ಗವಿಸಿದ್ದೇಶ ಎಣ್ಣಿ ಕೇಳಿದ, ನೀವು ಮೈಗೆ ಹಚ್ಚೋ ಎಣ್ಣಿ ಅಂದ್ಕೊಂಡು ಹೂಂ ಅಂದ್ರಿ. ಅವ್ನೂ ಅದನ್ನ ತಂದ. ಆ ಮೈಲಾರಿ ತಾನ ಹೋಗಿ ಕುಡದು ಬಿದ್ದಾನ. ಇಷ್ಟ. ಈ ವರ್ಷ ನಿಮ್ಮ ಕೆಲ್ಸಾನೂ ಕಾಯಂ ಆಗೋದೈತಿ, ನೋಡ್ರಿ." ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಅದೇ ಹೆಚ್ಚು ಭಯವಾಗುವ ಸಂಗತಿ. ಗವಿಸಿದ್ದೇಶ ಕಾರ್ಯದರ್ಶಿಗಳ ತಮ್ಮನ ಮಗ ಎಂಬುದನ್ನು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎರ್ರೆಪ್ಪ ಒಂದು ಮಾತು ಹೇಳಿದರೆ ಮೈಲಾರಿಯೊಬ್ಬನ ಹೆಸರು ಹಾಸ್ಟೆಲಿನಿಂದ ಹೋಗುತ್ತದೆ, ಉಳಿದವರು ಉಳಿಯುತ್ತಾರೆ, ತಾನೂ ಉಳಿಯುತ್ತಾನೆ. ಅವನು ಅಲ್ಲಿಯೂ ಹೂಂ ಅಂದಿದ್ದ.

ಮನೆಯಲ್ಲಿ ಹೆಂಡತಿ ನೀಲಗಂಗಮ್ಮ ಒಗ್ಗರಣೆಗೆ ಎಣ್ಣೆ ಕಾಯಿಸುತ್ತ, ಹಿಂತಿರುಗಿ ನೋಡದೆಯೇ ಹೇಳಿದ್ದಳು. "ಅದಕ್ಯಾಕ ಇಷ್ಟು ಒದ್ದಾಡ್ತೀರಿ? ಎಣ್ಣಿ ಅಂದ್ರ ಎಣ್ಣಿ ಅಂದ್ಕೊಂಡಿದ್ನಿ ಅನ್ರಿ. ನಿಮ್ಮಂಥೋರು ಹಂಗಂದ್ರ ಯಾರೂ ಇಲ್ಲ ಅನ್ನಾಂಗಿಲ್ಲ." ಸಾಸಿವೆ ಸಿಡಿಯಿತು. ಅವಳು ಸಮಾಧಾನಕ್ಕೆ ಹೇಳಿದ್ದು, ಅದು ಅವನಿಗೆ ಗೊತ್ತು. ಆದರೆ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅವನು ಸುಳ್ಳು ಹೇಳಿದರೆ ಎಲ್ಲರೂ ಒಪ್ಪುತ್ತಾರೆ, ಏಕೆಂದರೆ ಅವನು ಅಷ್ಟು ದಡ್ಡ ಎಂದು ಎಲ್ಲರೂ ಮೊದಲೇ ಒಪ್ಪಿದ್ದಾರೆ. ಹಾಸ್ಟೆಲಿನ ಅಡುಗೆಯವರಿಂದ ಹಿಡಿದು ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಯವನವರೆಗೆ ಎಣ್ಣಿ ಅಂದರೆ ಏನೆಂದು ಗೊತ್ತಿರುವ ಊರಲ್ಲಿ, ಪದವಿ ಪಡೆದ, ಮದುವೆಯಾದ, ಮೀಸೆ ಇರುವ ಗಂಡಸು ತನಗೊಬ್ಬನಿಗೆ ಗೊತ್ತಿರಲಿಲ್ಲ ಎಂದು ನಾಲ್ಕು ಜನರೆದುರು ಹೇಳಬೇಕು. ಅವರು ನಗುತ್ತಾರೆ. ನಗಲಿ. ನಕ್ಕರೆ ಮೈಗೇನೂ ತೂತು ಬೀಳುವುದಿಲ್ಲ. ಕೆಲಸ ಉಳಿಯುತ್ತದೆ.

ಮೈದಾನದಲ್ಲಿ ಯಾರೂ ಇರಲಿಲ್ಲವಾದ್ದರಿಂದ ಬಾಯಿಬಿಟ್ಟು ಅಂದು ನೋಡಿದ. "ನಾ ಮೈಗೆ ಹಚ್ಚೋ ಎಣ್ಣಿ ಅಂದ್ಕೊಂಡಿದ್ನಿರಿ ಸರ." ಸರಿ ಬರಲಿಲ್ಲ. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಸ್ವಲ್ಪ ನಕ್ಕು ಅಂದು ನೋಡಿದ. ಆಮೇಲೆ ಸ್ವಲ್ಪ ಬೇಸರದಿಂದ. ಹುಬ್ಬೇರಿಸಿ ಒಂದು ಸಲ. ನಿಜವಾಗಿಯೂ ತಿಳಿಯದವನು ಹೇಗೆ ಹೇಳುತ್ತಾನೆ ಎಂದು ನೆನಪಿಸಿಕೊಳ್ಳಲು ಹೋದರೆ ನೆನಪಾಗುತ್ತಿದ್ದುದು ಬೇರೆ. ಆ ಸಂಜೆ, ಮುಖ ತೊಳೆದು ಹೊರಗೆ ಬಂದು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದಾಗ, ಮನೆಯ ಗೇಟಿನ ಆಚೆ ಮೈಲಾರಿ ನಿಂತಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ, ನೀಲಗಂಗಮ್ಮನಿಗೂ. ಗೇಟಿನ ಕಂಬಿ ಹಿಡಿದುಕೊಂಡು, ಒಳಗೆ ಬಾ ಅಂದರೂ ಬಾರದೆ, "ಸರ, ಎಲ್ರೂ ಅಂಗಡಿಗೆ ಹೊಂಟಾರ್ರಿ. ನೀವು ಹೂಂ ಅಂದೀರಂತ. ನಾನೂ ಹೋಗ್ಲೇನ್ರಿ?" ಎಂದು ಕೇಳಿದ್ದ. ಮನೆಯಲ್ಲಿ ಕುರಿಯ ಹಿಂಡು ಬಿಡುವುದಕ್ಕೂ ಕೇಳಿ ರೂಢಿ ಇದ್ದ ಹುಡುಗ. ಎಣ್ಣಿ ಅನ್ನುವ ಮಾತನ್ನು ಅವನು ಆಡಿರಲೇ ಇಲ್ಲ. ಅಂಗಡಿ ಎಂದಿದ್ದ. ಟವೆಲಿನಿಂದ ಮುಖ ಮುಚ್ಚಿಕೊಂಡೇ ಎರ್ರೆಪ್ಪ ಅಂದಿದ್ದ: "ಹೂಂ, ಹೋಗಪಾ. ಎಲ್ರೂ ಕೂಡೇ ಇರ್ರಿ."

ಇಷ್ಟಾದ ಮೇಲೂ ಟ್ರ್ಯಾಕ್ಸಿನಲ್ಲಿ ಅಂದದ್ದು ಯಾವ ಅರ್ಥದಲ್ಲಿ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆನಲ್ಲ ಎಂದು ತನಗೇ ಹೇಸಿಗೆಯಾಯಿತು. ಆ ಪ್ರಶ್ನೆ ತನಗೆ ಬೇಕಾದದ್ದು, ಗೇಟನ್ನು ಮರೆಯುವುದಕ್ಕೆ. ಹುಡುಗ ದವಾಖಾನೆಯಲ್ಲಿಯೂ ಗೇಟಿನ ಮಾತು ಎತ್ತಿರಲಿಲ್ಲ. ಪ್ಲಾಸ್ಟರಿನ ಕಾಲು ಎತ್ತಿ ಕಟ್ಟಿದ್ದರು. "ಸರ, ಇನ್ನ ಆಡಾಕ ಬರ್ತೈತಿರಿ?" ಎಂದಷ್ಟೇ ಕೇಳಿದ್ದ. ಅದಕ್ಕೂ ಎರ್ರೆಪ್ಪ ಹೂಂ ಅಂದು ಬಂದಿದ್ದ. ಹುಡುಗ ಹೇಳಲಿಲ್ಲ ಎಂಬುದು ಮೊದಲ ದಿನ ಸಮಾಧಾನ ಕೊಟ್ಟಿತು. ಎರಡನೆಯ ದಿನ ಅದೇ ಭಯ ಕೊಟ್ಟಿತು. ಹೇಳುತ್ತಾನೆಂದು ಭಯವಲ್ಲ; ಎಂದಿಗೂ ಹೇಳಲಾರ ಎಂದು.

ಊಟಕ್ಕೆ ಮನೆಗೆ ಹೋಗಲಿಲ್ಲ. ಕಾಲೇಜಿನ ಪಡಸಾಲೆಗೆ ಬಂದಾಗ ಕಂಬದ ಬುಡದಲ್ಲಿ, ಬೆಂಚು ಖಾಲಿ ಇದ್ದರೂ ನೆಲದ ಮೇಲೆ, ಒಬ್ಬ ಹೆಂಗಸು ಸೆರಗು ಹೊದ್ದು ಕೂತಿದ್ದಳು. ನೋಡಿದ ಕೂಡಲೇ ಗೊತ್ತಾಯಿತು. ಮೈಲಾರಿಯ ಮೂಗು, ಹುಬ್ಬು ಹಾಗೇ. ಅವಳೂ ಅವನ ಕೊರಳಿನ ಪೀಪಿಯಿಂದ ಗುರುತು ಹಿಡಿದಳೋ ಏನೋ, ಗಡಬಡಿಸಿ ಎದ್ದು, ಬೇಡ ಬೇಡ ಅನ್ನುವುದರೊಳಗೆ ಬಗ್ಗಿ ಅವನ ಕಾಲು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. "ನೀವ ಅಲ್ಲೇನ್ರಿ ಪಿ.ಡಿ. ಸರ? ನಾ ಮೈಲಾರಿ ಅವ್ವ ರಿ, ಹುಲುಗಮ್ಮ. ನೀವ ಎತ್ಗೊಂಡು ಹೋಗಿದ್ದಕ್ಕ ನನ್ನ ಮಗ ಉಳದಾನ. ನಮ್ಮ ಪಾಲಿಗೆ ನೀವ ದೇವ್ರು."

ಎರ್ರೆಪ್ಪ ಹಿಂದಕ್ಕೆ ಸರಿದ. ಕಾಲು ಮುಟ್ಟಿದ ಜಾಗ ಸುಟ್ಟ ಹಾಗಿತ್ತು. "ಕಾಲು ಹೆಂಗೈತವ್ವಾ?" ಎಂದ, ಏನಾದರೂ ಅನ್ನಬೇಕಲ್ಲ ಎಂದು.

"ಕೂಡತೈತಂತ ರಿ, ಟೈಮ್ ಹಿಡೀತೈತಂತ. ಅವನ ತಮ್ಮನ್ನ ಕುಂದ್ರಿಸಿ ಬಂದೀನಿ ದವಾಖಾನ್ಯಾಗ." ಆಮೇಲೆ ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದು ಮಾತು ಕೇಳ್ತೀನ್ರಿ ಸರ, ಸಿಟ್ಟಾಗಬ್ಯಾಡ್ರಿ. ಏನಾತಲೇ ಅಂದ್ರ, ಎಣ್ಣಿ ತಗೊಂಡಿದ್ನೆವ್ವ, ಬಿದ್ದೆ, ಅಂತಾನ. ಆಟ ಆಡೋ ಹುಡುಗ್ರು ಎಣ್ಣಿ ಹಚ್ಚಿಗೋಳ್ದ ಇರ್ತಾರೇನ್ರಿ? ಸಣ್ಣಾವಿದ್ದಾಗಿಂದ ನಾನ ತಿಕ್ಕೀನಿ. ಅಂಗಾಲಿಗೆ ಎಣ್ಣಿ ಹತ್ತಿದ್ರ ಜಾರ್ತೈತಿ, ಬೀಳ್ತಾರ. ಅದಕ್ಕ ಹಾಸ್ಟೆಲ್ ಬಿಡಸ್ತಾರಂತಲ್ಲರಿ. ಹಂಗೂ ಐತೇನ್ರಿ ಕಾಯ್ದೆ?"

ಅವನು ಅವಳ ಮುಖ ನೋಡಿದ. ಆ ಮುಖದಲ್ಲಿ ಒಳಗೊಂದು ಹೊರಗೊಂದು ಇರಲಿಲ್ಲ. ಬೆಳಗಿನಿಂದ ಖಾಲಿ ಮೈದಾನದಲ್ಲಿ ಹುಬ್ಬೇರಿಸಿ, ನಕ್ಕು, ಬೇಸರ ಮಾಡಿಕೊಂಡು ತಾನು ಹುಡುಕುತ್ತಿದ್ದದ್ದು ಇದನ್ನೇ. ತಿಳಿಯದಿರುವುದು ಅಂದರೆ ಹೀಗಿರುತ್ತದೆ. ತಾನು ಇನ್ನೊಂದು ಜನ್ಮವೆತ್ತಿ ಬಂದರೂ ಈ ಮುಖ ಮಾಡಲಾರೆ. ಹೇಳಿಬಿಡಬೇಕು ಈಗಲೇ ಎನಿಸಿತು, ಅವ್ವಾ, ಅದು ಆ ಎಣ್ಣಿ ಅಲ್ಲ ಎಂದು. ಮಗ ಸಂಕೋಚದಿಂದ ಆ ಮಾತನ್ನು ಬಳಸಿದ್ದ. ತಾಯಿ ತನ್ನ ಮನೆಯ ಗಿಂಡಿಯ ಎಣ್ಣೆಯನ್ನು ನೆನೆದು ಸಮಾಧಾನ ಮಾಡಿಕೊಂಡಿದ್ದಳು. ಹುಡುಗನಿಗೆ ಅದನ್ನು ತಿದ್ದುವ ಧೈರ್ಯ ಬಂದಿರಲಿಕ್ಕಿಲ್ಲ. "ನೋಡೂಣವ್ವ," ಎಂದ ಎರ್ರೆಪ್ಪ. "ನೀವು ಒಂದು ಮಾತು ಹೇಳ್ರಿ ಸರ, ನಿಮ್ಮ ಮಾತು ಮೀರಾಂಗಿಲ್ಲ ಅವರು," ಎಂದಳು. ಅವನು ರೂಢಿಯಂತೆ ತಲೆಯಾಡಿಸಿದ. ಅಷ್ಟರಲ್ಲಿ ಜವಾನ ಬಂದು ಇಬ್ಬರನ್ನೂ ಒಳಗೆ ಕರೆದ.

ಕೋಣೆಯಲ್ಲಿ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕಾರ್ಯದರ್ಶಿ ಕೊಟ್ರಸ್ವಾಮಿಯವರು ಕೂತಿದ್ದರು, ಪಕ್ಕದ ಕುರ್ಚಿಯಲ್ಲಿ ಪ್ರಿನ್ಸಿಪಾಲರು. ಕಿಟಕಿಯ ಹತ್ತಿರ ಗವಿಸಿದ್ದೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈ ಹಿಂದೆ ಕಟ್ಟಿ ನಿಂತಿದ್ದ. ಎರ್ರೆಪ್ಪನಿಗೆ ಕುರ್ಚಿ ತೋರಿಸಿದರು. ಹುಲುಗಮ್ಮನಿಗೆ ಯಾರೂ ಏನೂ ತೋರಿಸಲಿಲ್ಲ. ಅವಳು ಬಾಗಿಲ ಹತ್ತಿರ ಗೋಡೆಗೆ ಆನಿಕೊಂಡಳು. ಕೊಟ್ರಸ್ವಾಮಿಯವರು ಕೆಟ್ಟವರಲ್ಲ. ಯಾರ ಮನೆಯ ಮದುವೆಗೂ ಮುಂಚಿತವಾಗಿ ಹೋಗಿ ಊಟ ಬಡಿಸುವ ಮನುಷ್ಯ. ಬೇಗ ಮುಗಿಸಿ ಎಲ್ಲರನ್ನೂ ಮನೆಗೆ ಕಳಿಸುವ ಉಮೇದಿನಲ್ಲಿದ್ದರು. "ಹೇಳಪಾ ಗವಿಸಿದ್ದ," ಎಂದರು.

"ನಮ್ಮ ಮಿಲ್ಲಿನ ಕುಸುಬಿ ಎಣ್ಣಿ ರಿ. ಹೋದ್ ವರ್ಷನೂ ತಂದಿದ್ದೆ. ಸರಗೆ ಕೇಳೇ ತಂದೀನಿ. ಮೈಲಾರಿ ಎಲ್ಲಿಗೆ ಹೋಗಿದ್ದ ಅಂತ ನಮಗ ಗೊತ್ತಿಲ್ರಿ." ಹುಡುಗ ಕಣ್ಣು ಮಿಟುಕಿಸದೆ ಹೇಳಿದ. ಆದರೆ ಎರ್ರೆಪ್ಪನ ಕಡೆ ನೋಡಲಿಲ್ಲ. ಗೋಡೆಯ ಕಡೆಯಿಂದ ಹುಲುಗಮ್ಮ, "ಹೌದ್ರಿ, ಎಣ್ಣಿನ ರಿ," ಎಂದು ಆಸೆಯಿಂದ ದನಿಗೂಡಿಸಿದಳು. ಕಾರ್ಯದರ್ಶಿಗಳಿಗೆ ನಗು ತಡೆಯಲಾಗಲಿಲ್ಲ. ಪ್ರಿನ್ಸಿಪಾಲರೂ ಕೈವಸ್ತ್ರ ಬಾಯಿಗೆ ಒತ್ತಿಕೊಂಡರು. ನಗುತ್ತಲೇ ಕೊಟ್ರಸ್ವಾಮಿ ಎರ್ರೆಪ್ಪನ ಕಡೆ ತಿರುಗಿದರು. "ನಮ್ಮ ಎರ್ರೆಪ್ಪನ್ನ ಕೇಳೋದೇನೈತಿ? ಅವಗ ಎಣ್ಣಿ ಅಂದ್ರ ತಲಿಗೆ ಹಚ್ಚೋದು, ದೀಪಕ್ಕ ಹಾಕೋದು. ಮೂರನೇದು ಗೊತ್ತ ಇಲ್ಲ. ಹೌದಿಲ್ಲೋ? ಹೂಂ ಅನ್ನಪಾ, ಮುಗಸೂಣ."

ಹೂಂ ಎಂಬುದು ಬಾಯಿ ತೆರೆಯದೆಯೇ ಆಡಬಹುದಾದ ಮಾತು. ನಾಲಗೆ ಅಲ್ಲಾಡಬೇಕಿಲ್ಲ, ಹಲ್ಲು ಕಾಣಬೇಕಿಲ್ಲ. ಮೂಗಿನಿಂದ ಗಾಳಿ ಬಿಟ್ಟರೂ ಕೇಳುವವರು ಹೂಂ ಎಂದು ತಿಳಿದುಕೊಳ್ಳುತ್ತಾರೆ. ಅದು ಎದೆಯಿಂದ ಎದ್ದು ಗಂಟಲಿಗೆ ಬಂದದ್ದು ಎರ್ರೆಪ್ಪನಿಗೆ ಗೊತ್ತಾಯಿತು. ಇವರು ತನ್ನ ಪರವಾಗಿ ಸುಳ್ಳನ್ನೂ ತಾವೇ ಹೇಳಿ ಮುಗಿಸಿದ್ದಾರೆ. ಅದನ್ನು ಹೇಳುವಷ್ಟು ಮರ್ಯಾದೆಯನ್ನೂ ತನಗೆ ಬಿಟ್ಟಿಲ್ಲ. ಗೋಡೆಯ ಹತ್ತಿರ ನಿಂತವಳು ತನ್ನ ಬೆನ್ನನ್ನೇ ನೋಡುತ್ತಿದ್ದಾಳೆ ಎಂದು ಬೆನ್ನಿಗೆ ತಿಳಿಯುತ್ತಿತ್ತು.

"ಇಲ್ರಿ," ಎಂದ.

ದನಿ ತನ್ನದಲ್ಲ ಅನಿಸಿತು, ಆದರೆ ಬಂದದ್ದು ತನ್ನ ಬಾಯಿಂದಲೇ. "ಏನು ಇಲ್ಲ?" ಎಂದರು ಕೊಟ್ರಸ್ವಾಮಿ, ಇನ್ನೂ ಅರ್ಧ ನಗುತ್ತ.

"ನನಗ ಗೊತ್ತಿತ್ರಿ. ಕುಡಿಯೋ ಎಣ್ಣಿ ಅಂತ ಗೊತ್ತಿತ್ತು. ಗೊತ್ತಿದ್ದ ಹೂಂ ಅಂದೀನಿ."

ಪ್ರಿನ್ಸಿಪಾಲರು ಕೈವಸ್ತ್ರ ಕೆಳಗಿಳಿಸಿದರು. ಕಾರ್ಯದರ್ಶಿಗಳು ಅವರ ಕಡೆ ತಿರುಗಿ, "ಬಿಡ್ರಿ, ಹುಡುಗ್ರ ಮ್ಯಾಲಿನ ಪ್ರೀತಿ. ಆ ಹುಡುಗನ್ನ ಉಳಸಾಕ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾನ. ದೊಡ್ಡ ಮನಸು," ಎಂದರು. ನಿಜ ಹೇಳಿದರೂ ನಂಬುತ್ತಿಲ್ಲವಲ್ಲ ಎಂದು ಎರ್ರೆಪ್ಪನಿಗೆ ಅಳು ಬಂದ ಹಾಗಾಯಿತು, ಅದರ ಬೆನ್ನಿಗೇ ಸಿಟ್ಟು. ಎದ್ದು ನಿಂತ. "ದೊಡ್ಡ ಮನಸೂ ಇಲ್ಲ, ಏನೂ ಇಲ್ರಿ. ಆ ಹುಡುಗ ನಮ್ಮ ಮನಿ ಗೇಟಿಗೆ ಬಂದು ಕೇಳ್ಯಾನ, ಅಂಗಡಿಗೆ ಹೋಗ್ಲೇನ್ರಿ ಅಂತ. ಹೋಗು ಅಂದಾವ ನಾನು. ಎಲ್ರೂ ಹೋಗಿದ್ರು, ಇವನೂ ಹೋಗಿದ್ದ," ಎಂದು ಗವಿಸಿದ್ದೇಶನ ಕಡೆ ಕೈ ತೋರಿಸಿದ. "ಮತ್ತ ಗುಂಡ್ಯಾಗ ಉಸುಕಿದ್ದಿದ್ರ ಬಿದ್ರೂ ಕಾಲು ಮುರೀತಿರ್ಲಿಲ್ಲ. ಉಸುಕು ಎಲ್ಲಿ ಹೋತು ಅಂತ ಯಾರರ ಕೇಳಿದ್ರ ನಾ ಹೇಳ್ತೀನ್ರಿ."

ಉಸುಕಿನ ಮಾತು ಬಂದ ಕೂಡಲೇ ಕೋಣೆ ಬದಲಾಯಿತು. ಗವಿಸಿದ್ದೇಶ ತಲೆ ತಗ್ಗಿಸಿದ. ಕೊಟ್ರಸ್ವಾಮಿ ಪ್ರಿನ್ಸಿಪಾಲರ ಮುಖ ನೋಡಿದರು, ಪ್ರಿನ್ಸಿಪಾಲರು ಫ್ಯಾನು ನೋಡಿದರು. ಕೊಟ್ರಸ್ವಾಮಿಯವರದು ವ್ಯಾಪಾರಸ್ಥರ ಮನೆತನ, ಯಾವ ಸರಕನ್ನು ಯಾವಾಗ ಬಿಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಆತಪಾ, ಆತು," ಎಂದರು. "ಹುಡುಗ್ರು ಅಂದ ಮ್ಯಾಲ ಒಂದು ತಪ್ಪು ಮಾಡ್ತಾರ. ಒಬ್ಬನ್ನ ಹೊರಗ ಹಾಕೋದ್ಯಾಕ? ಎಲ್ರಿಗೂ ಒಂದು ತಾಕೀತು ಕೊಟ್ಟು ಬಿಡ್ರಿ, ಅಜ್ಜಯ್ಯನವರ. ಮೈಲಾರಿ ಸೀಟು ಹಂಗ ಇರ್ಲಿ. ಎರ್ರೆಪ್ಪ, ನೀನೂ ಕುಂದ್ರು. ಈ ಮಾತು ಇಲ್ಲಿಗೇ ಮುಗೀತು."

ಕುಂದ್ರು ಅಂದರೂ ಎರ್ರೆಪ್ಪ ಕೂರಲಿಲ್ಲ. ಮೈ ಹಗುರಾಗಿತ್ತು. ಇಷ್ಟೇನೇ? ಇಷ್ಟಕ್ಕೇ ನಾಲ್ಕು ದಿನ ಸತ್ತೆನೇ? ಹುಡುಗ ಉಳಿದ, ತನ್ನ ಕೆಲಸವೂ ಹೋದಂತೆ ಕಾಣಲಿಲ್ಲ. ಒಂದು ಇಲ್ಲ ಅಂದದ್ದಕ್ಕೆ ಇಷ್ಟೆಲ್ಲ ಆಗುವುದಾದರೆ ಮೊದಲೇ ಅನ್ನಬಹುದಿತ್ತಲ್ಲ. ಖುಷಿಯಲ್ಲಿ ಹಿಂದಕ್ಕೆ ತಿರುಗಿದ, ಹುಲುಗಮ್ಮನ ಮುಖ ನೋಡಲು. ಆ ಮುಖ ಅವನು ಪಡಸಾಲೆಯಲ್ಲಿ ನೋಡಿದ ಮುಖವಾಗಿರಲಿಲ್ಲ.

"ಕುಡಿಯೋ ಎಣ್ಣಿ ಅಂದ್ರ ಏನ್ರಿ?" ಎಂದಳು. ಅವಳು ಕೇಳಿದ್ದು ಎರ್ರೆಪ್ಪನನ್ನು. ಪ್ರಿನ್ಸಿಪಾಲರು ಏನೋ ಹೇಳಹೋದರು, ಅವಳು ಆ ಕಡೆ ನೋಡಲಿಲ್ಲ.

"ಸಾರಾಯಿ, ಅವ್ವಾ," ಎಂದ.

"ನನ್ನ ಮಗ ಕುಡದಿದ್ನಾ?"

"ಕುಡದಿದ್ದ."

"ಕುಡೀಲೇನ್ರಿ ಅಂತ ನಿಮ್ಮನ್ನ ಕೇಳಿದ್ನಾ?"

"ಹೋಗ್ಲೇನ್ರಿ ಅಂತ ಕೇಳಿದ್ದ."

ಅವಳು ಸೆರಗನ್ನು ತಲೆಯ ಮೇಲಿನಿಂದ ತೆಗೆದು ಮತ್ತೆ ಹೊದ್ದಳು. ಅತ್ತಾಳೇನೋ ಎಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. "ಬ್ಯಾಡ ಅನ್ನಲಿ ಅಂತ ಕೇಳ್ತಾನ್ರಿ ಅವ," ಎಂದಳು ಮೆಲ್ಲಗೆ. "ಸಣ್ಣಾವಿದ್ದಾಗಿಂದ ಹಂಗ. ಹಳ್ಳಕ್ಕ ನೀರು ಬಂದ್ರ, ದಾಟ್ಲೇನವ್ವ ಅಂತ ಕೇಳ್ತಿದ್ದ. ಅಂಜಿಕಿ ಆದ್ರ ಕೇಳ್ತಾನ. ನಾ ಬ್ಯಾಡ ಅಂದ್ರ ಅವಗ ಸಮಾಧಾನ. ದೊಡ್ಡೋರು ಒಬ್ರು ಬ್ಯಾಡ ಅನ್ನಲಿ ಅಂತ ನಿಮ್ಮ ಮನಿ ತನಕ ಬಂದಿದ್ದಾನು." ಆಮೇಲೆ ಕಾರ್ಯದರ್ಶಿಗಳ ಕಡೆ ತಿರುಗಿ ಕೈಮುಗಿದಳು. "ನನ್ನ ಮಗನ್ನ ನಾ ಕರಕೊಂಡು ಹೋಗ್ತೀನ್ರಿ. ನಿಮ್ಮ ಸೀಟು ನಿಮಗ ಇರ್ಲಿ."

"ಏಯ್ ತಾಯಿ, ಇಟ್ಕೋತೀವಿ ಅಂತ ಹೇಳಾಕತ್ತೀವಿ," ಎಂದರು ಕೊಟ್ರಸ್ವಾಮಿ. "ಓದೋ ಹುಡುಗನ್ನ ಕುರಿ ಕಾಯಾಕ ಹಚ್ತಿಯೇನು?"

"ಕುರಿ ಕಾಯಾಕ ಹೋದ್ರ ಕಾಯೋದನ್ನರ ಕಲೀತಾನ್ರಿ," ಎಂದಳು ಹುಲುಗಮ್ಮ, ಹೊರಟಳು.

ಎರ್ರೆಪ್ಪ ಹಿಂದೆಯೇ ಓಡಿದ. ಹಾಸ್ಟೆಲಿನವರೆಗೂ ಅವಳ ಹಿಂದೆ, ಪಕ್ಕದಲ್ಲಿ, ಒಮ್ಮೆ ಮುಂದೆ ಹೋಗಿ ತಿರುಗಿ ಹಿಮ್ಮುಖವಾಗಿ ನಡೆಯುತ್ತ ಹೇಳಿದ. ಅವ್ವಾ, ತಪ್ಪು ನನ್ನದು. ಹುಡುಗನದಲ್ಲ. ನಾ ಕೆಲಸ ಬಿಡ್ತೀನಿ ಬೇಕಾದ್ರ, ಅವನನ್ನ ಬಿಡಸಬ್ಯಾಡ. ಇನ್ನೊಂದು ವರ್ಷ ಆಡಿದ್ರ ಯೂನಿವರ್ಸಿಟಿ ಟೀಮಿಗೆ ಹೋಗ್ತಾನ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಮಗನ ಕೋಣೆ ಯಾವುದೆಂದು ಅವನನ್ನು ಕೇಳದೆ ದಾರಿಯಲ್ಲಿ ಸಿಕ್ಕ ಹುಡುಗರನ್ನು ಕೇಳಿದಳು. ಒಳಗೆ ಹೋಗಿ ಬಟ್ಟೆ, ತಾಟು, ಕಂಬಳಿ ಎಲ್ಲ ತುಂಬಿ ಟ್ರಂಕನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಮೆಟ್ಟಿಲಿಗೆ ತಂದಳು. ಹುಡುಗರು ಬಾಗಿಲುಗಳಲ್ಲಿ ನಿಂತು ನೋಡಿದರು. ಯಾರೂ ಕೆಳಗೆ ಬರಲಿಲ್ಲ.

ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡಳು. ಭಾರ ಹೊರುವವರಿಗೆ ತಲೆಯ ಮೇಲೆ ಏರಿಸುವುದಕ್ಕೆ ಇನ್ನೊಬ್ಬರ ಕೈ ಬೇಕು. ದಾರಿಹೋಕರಾದರೂ, ಮಾತು ಬಿಟ್ಟ ದಾಯಾದಿಗಳಾದರೂ ಆ ಹೊತ್ತಿಗೆ ಬಂದು ಕೈ ಹಚ್ಚುತ್ತಾರೆ, ಬೇಡ ಅನ್ನುವವರಿಲ್ಲ. ಎರ್ರೆಪ್ಪ ಬಗ್ಗಿ ಟ್ರಂಕಿನ ಎರಡೂ ಹಿಡಿಕೆಗೆ ಕೈ ಹಾಕಿದ. ಹುಲುಗಮ್ಮ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಬೇಡ ಎಂದೂ ಅನ್ನಲಿಲ್ಲ, ಸುಮ್ಮನೆ ಆಚೆ ನೋಡುತ್ತ ನಿಂತಳು. ಅವನು ಹಿಡಿಕೆ ಬಿಡುವವರೆಗೂ ಹಾಗೇ ನಿಂತಿದ್ದಳು.

ಮೆಸ್ಸಿನ ಕಡೆಯಿಂದ ಅಡುಗೆಯ ಮೈಲಮ್ಮ ಅಕ್ಕಿ ತೊಳೆದ ನೀರು ಚೆಲ್ಲಲು ಹೊರಗೆ ಬಂದಳು. "ಯಕ್ಕಾ, ಒಂಚೂರು ಕೈ ಹಚ್ಚು ಬಾರವ್ವ," ಎಂದು ಹುಲುಗಮ್ಮ ಕೂಗಿದಳು. ಮೈಲಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದು, ಅಲ್ಲಿ ನಿಂತ ಎರ್ರೆಪ್ಪನನ್ನೂ ಅವಳನ್ನೂ ನೋಡಿ, "ಸರ ಇಲ್ಲೇ ಅದಾರಲ್ಲವ್ವ, ಅವರಿಗೆ ಅಂದಿದ್ರ ಎತ್ತತಿದ್ರಲ್ಲ?" ಎಂದಳು.

"ಎತ್ತತಿದ್ರು," ಎಂದಳು ಹುಲುಗಮ್ಮ, ಟ್ರಂಕಿನ ಕೆಳಗೆ ಕತ್ತು ಸರಿಮಾಡಿಕೊಳ್ಳುತ್ತ. "ಏನು ಕೇಳಿದ್ರೂ ಹೂಂ ಅಂತಾರವ್ವ ಅವರು."